ಅಕ್ಕನ ಹಾಸ್ಟೆಲಿನಲ್ಲಿ ವಿದೇಶದವರು

ಮದ್ದೂರಿನ ಹತ್ತಿರ ನಾನು ಪಾಠ ಮಾಡುತ್ತಿದ್ದ ಎಂಬಿಎ ಕಾಲೇಜಿನಲ್ಲಿ ಹುಡುಗಿಯರ ಹಾಸ್ಟೆಲಿಗೆ ವಾರ್ಡನ್ ಆಗಿದ್ದವರು ಆತಗೂರಿನ ಕಡೆಯವರು. ನಮಗೆಲ್ಲ ಅವರು ಅಕ್ಕ. ಯಾರು ಏನೇ ದೂರು ತರಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು "ಮೊದ್ಲು ಉಣ್ಣು, ಆಮೇಲ್ ಯೋಳು" ಅನ್ನುತ್ತಿದ್ದರು.

ಒಂದು ವರ್ಷ ರ‍್ಯಾಂಕಿಂಗ್ ಸಮಿತಿ ಬಂತು. ಹೊರದೇಶದ ವಿದ್ಯಾರ್ಥಿಗಳಿದ್ದರೆ ಅದಕ್ಕೆ ಬೇರೆ ಅಂಕ. ನಮ್ಮಲ್ಲಿದ್ದವಳು ಕೀನ್ಯಾದ ಒಬ್ಬಳೇ ಹುಡುಗಿ. ರ‍್ಯಾಂಕು ಇಳಿದರೆ ಸೀಟು ತುಂಬುವುದಿಲ್ಲ, ನಿಮ್ಮ ಕೆಲಸವೂ ಉಳಿಯುವುದಿಲ್ಲ ಎಂದು ನಿರ್ದೇಶಕರು ಬೆಳಗಿನಿಂದ ನಮ್ಮ ಜೀವ ತಿನ್ನುತ್ತಿದ್ದರು.

ಊಟದ ಹಾಲಿಗೆ ಬಂದ ಸಮಿತಿಯ ಹಿರಿಯರು, ಬಡಿಸುತ್ತಿದ್ದ ಅಕ್ಕನನ್ನೇ ಕೇಳಿಬಿಟ್ಟರು: "ಇಲ್ಲಿ ವಿದೇಶದವರು ಎಷ್ಟು ಜನ ಇದ್ದಾರಮ್ಮ?"

"ಇದೇಸದೋರಾ? ಯಾರೂ ಇಲ್ಲ ಸಾ. ಎಲ್ಲಾ ನಮ್ ಐಕ್ಳೇಯ."

ಹಿರಿಯರು ಪೆನ್ನಿನ ಕ್ಯಾಪು ಮುಚ್ಚಿದರು. ನಿರ್ದೇಶಕರು ಅಕ್ಕನನ್ನು ದುರುಗುಟ್ಟಿ ನೋಡಿದರು.

ಹಿಂದಿನ ಸಾಲಿನಲ್ಲಿ ಮುದ್ದೆ ಮುರಿಯುತ್ತಿದ್ದ ಕೀನ್ಯಾದ ಹುಡುಗಿ ತಟ್ಟೆ ಬಿಟ್ಟು ಎದ್ದು ನಿಂತಳು. "ಅಕ್ಕೋ, ಪಾಸ್‌ಪೋರ್ಟ್ ತಂದ್ ತೋರುಸ್ಲಾ?"

ಅಕ್ಕ ಅವಳ ಹೆಗಲು ಒತ್ತಿ ಕೂರಿಸಿದರು. "ಯಾರ್ಗೂ ಏನೂ ತೋರುಸ್ಬ್ಯಾಡ. ಮೊದ್ಲು ಉಣ್ಣು ಕಣವ್ವ."