ವಿಭೂತಿಗೊಂದು ಸಂಖ್ಯೆ

ಕಳೆದ ವಾರ ಹುಬ್ಬಳ್ಳಿಯಲ್ಲಿ ಕಲ್ಲು ಪಾಲಿಶ್ ಮಾಡುವ ಒಂದು ಕಾರ್ಖಾನೆಗೆ ಕೆಲಸದ ಮೇಲೆ ಹೋಗಿದ್ದೆ. ಯಂತ್ರದ ಕೆಳಗೆ ನೀರು ಹರಿಯುತ್ತಿತ್ತು. ಒದ್ದೆ ಕಲ್ಲುಪುಡಿಯ ತಣ್ಣನೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ನಮ್ಮ ಅಕ್ಕೋರು ನೆನಪಾದರು. ಇಂಥದೇ ಒಂದು ಅಂಗಳದಲ್ಲಿ ಕಲ್ಲಿನ ಚೂರೊಂದನ್ನು ಕೈಯಲ್ಲಿ ಹಿಡಿದು ಅವರು ನನ್ನನ್ನು ಕೇಳಿದ್ದರು. "ಇದು ಎಲ್ಲಿ ತನಕ ಕಲ್ಲು, ಹೇಳು ನೋಡೂಣು?"

ಆಗ ನಾನು ಧಾರವಾಡದ ಅಂಕಿಸಂಖ್ಯೆ ಕಚೇರಿಗೆ ಹೊಸಬಳು. ಕಾರ್ಖಾನೆ, ಗಣಿಗಳಿಗೆ ಹೋಗಿ ಅಲ್ಲಿ ಏನು ಬಳಸುತ್ತಾರೆ, ಏನು ತಯಾರಿಸುತ್ತಾರೆ ಎಂದು ಬರೆದುಕೊಂಡು ಬರಬೇಕು. ಬರೆದ ಪ್ರತಿಯೊಂದು ಸಾಮಾನಿಗೂ ಸರ್ಕಾರದ ದಪ್ಪ ಪುಸ್ತಕದಿಂದ ಅದರದೇ ಕೋಡು ಸಂಖ್ಯೆ ಹುಡುಕಿ ಹಾಕಬೇಕು. ಅದನ್ನೆಲ್ಲ ತಿದ್ದುವ ಮೇಲಧಿಕಾರಿ ಅವರು. ಶಾಲೆಯಲ್ಲಿ ಕಲಿಸುವವರನ್ನು ಕರೆಯುವ ಹಾಗೆ ಕಚೇರಿಯ ಮಂದಿಯೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ತಪ್ಪು ಮಾಡಿದರೆ ಶಾಲೆಯಲ್ಲಿ ಬೈದ ಹಾಗೆಯೇ ಬೈಯುತ್ತಿದ್ದರು ಕೂಡ.

ಕಲ್ಲಿನ ಆ ಪ್ರಶ್ನೆಗೆ ಉತ್ತರವನ್ನೂ ಅವರೇ ಹೇಳಿದರು. ಗಣಿಯಿಂದ ಒಡೆದು ತಂದಾಗ ಅದು ಪುಸ್ತಕದಲ್ಲಿ ಖನಿಜಗಳ ಜೊತೆ ಕೂತಿರುತ್ತದೆ. ಕೊಯ್ದು ಹೊಳಪು ಕೊಟ್ಟರೆ ಅಲ್ಲಿಂದ ಎದ್ದು ತಯಾರಾದ ಸಾಮಾನುಗಳ ಕಡೆ ಹೋಗುತ್ತದೆ. ಅದರಲ್ಲೇ ನಂದಿಯನ್ನು ಕೆತ್ತಿದರೆ ಮತ್ತೊಂದು ಮನೆ. ಕಲ್ಲು ಅದೇ, ಮನುಷ್ಯನ ಕೈ ಎಷ್ಟು ಸೋಕಿತು ಎಂಬುದರ ಮೇಲೆ ಅದರ ಜಾಗ ಬದಲಾಗುತ್ತದೆ. ತಲೆನೋವಿನ ಪುಸ್ತಕ ಎಂದುಕೊಂಡಿದ್ದನ್ನು ಅವತ್ತು ರಾತ್ರಿ ಊಟ ಮರೆತು ಓದಿದೆ. ಸೂಜಿ, ಸಾಬೂನು, ಬೆಲ್ಲ, ಬಳೆ, ರೈಲಿನ ಗಾಲಿ... ನೆಲದಿಂದ ಅಗೆದದ್ದು, ಕೈಯಿಂದ ಮಾಡಿದ್ದು ಯಾವುದೂ ಅದರ ಹೊರಗಿರಲಿಲ್ಲ. ಪ್ರತಿ ಕೋಡಿನ ಏಳು ಅಂಕಿಗಳಲ್ಲಿ ಮೊದಲ ಐದು ಜಗತ್ತಿನ ಲೆಕ್ಕಕ್ಕೆ ಹೊಂದುವಂಥವು, ಕೊನೆಯ ಎರಡು ನಮ್ಮ ದೇಶದವು. ನಮ್ಮೂರ ಗಾಣದ ಶೇಂಗಾ ಎಣ್ಣೆ ಯಾವುದೋ ಸಮುದ್ರದಾಚೆಯ ಶೇಂಗಾ ಎಣ್ಣೆಯ ಪಕ್ಕದಲ್ಲೇ ಕೂತಿದೆ ಎಂದು ತಿಳಿದಾಗ ನನ್ನ ಮೈ ಜುಮ್ಮೆಂದಿತ್ತು.

ಅಕ್ಕೋರಿಗೆ ಆಗದಿದ್ದುದು 'ಇತರೆ' ಎಂಬ ಕೋಡು ಮಾತ್ರ. "ಇತರೆ ಅಂತ ಬರದಿ ಅಂದ್ರ ನೀ ಅಲ್ಲಿ ಹೋಗಿ ನೋಡೇ ಇಲ್ಲಂತ ತಿಳೀತೇನಿ" ಎನ್ನುತ್ತಿದ್ದರು.

ಒಮ್ಮೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ವಿಭೂತಿ ತಯಾರಿಸುವ ಒಂದು ಸಣ್ಣ ಘಟಕಕ್ಕೆ ಹೋಗಿ ಬಂದೆ. ಗೋಡೆಯ ಮೇಲೆ 'ಶುದ್ಧ ಆಕಳ ಸಗಣಿಯ ವಿಭೂತಿ' ಎಂದು ದೊಡ್ಡ ಅಕ್ಷರಗಳಿದ್ದವು. ಯಜಮಾನರೂ ಹಾಗೆಯೇ ಹೇಳಿದರು. ಕಚ್ಚಾ ಸಾಮಾನು ಎಂಬಲ್ಲಿ ಸಗಣಿ ಎಂದು ಬರೆದು, ಅದಕ್ಕೊಂದು ಕೋಡು ಹಾಕಿ, ಅಕ್ಕೋರ ಮುಂದಿಟ್ಟೆ.

"ಸಗಣಿ ಸುಡೋ ಜಾಗಾ ನೋಡಿದೇನವಾ?"

"ಇಲ್ರಿ ಅಕ್ಕೋರ."

"ಬೂದಿ?"

"ಅದೂ ಕಾಣಲಿಲ್ರಿ."

"ಬೂದಿ ಇಲ್ದ ವಿಭೂತಿ ಎಲ್ಲಿಂದ ಬಂತು? ನಡಿ, ಹೋಗೂಣು."

ಮರುದಿನ ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ಅಂಗಳದಲ್ಲಿ ವಿಭೂತಿ ಗಟ್ಟಿಗಳು ಸಾಲಾಗಿ ಒಣಗುತ್ತಿದ್ದವು, ಹಾಲಿನಷ್ಟು ಬೆಳ್ಳಗೆ. ಹೊಗೆಯ ಗುರುತಿಲ್ಲ, ಸಗಣಿಯ ಒಂದು ಕುಳ್ಳೂ ಇಲ್ಲ. ಮೂಲೆಯಲ್ಲಿ ಮಾತ್ರ ಬಿಳಿ ಪುಡಿಯ ಚೀಲಗಳು. ಯಜಮಾನರ ಮುಖ ಇಳಿದು ಹೋಯಿತು. ಅರವತ್ತರ ಆಸುಪಾಸಿನ ಮನುಷ್ಯ, ಅಪ್ಪನ ಕಾಲದಿಂದಲೂ ಇದೇ ಉದ್ಯೋಗ.

"ಹಿಂದಕ ಹಳ್ಳಿಯಿಂದ ಚಕ್ಕಡಿಗಟ್ಲೆ ಸಗಣಿ ಬರ್ತಿತ್ರಿ" ಎಂದರು ಕೊನೆಗೆ. "ಈಗ ಎಲ್ಲಾರ ಮನ್ಯಾಗ ಟ್ರ್ಯಾಕ್ಟರ್ ಬಂದಾವು. ಟ್ರ್ಯಾಕ್ಟರ್ ಸಗಣಿ ಹಾಕ್ತೇತೇನ್ರಿ? ಗಣಿ ಮಣ್ಣಿನ ಪುಡಿ ಕಲಸಾಕತ್ತೇನಿ. ಇದನ್ನ ನೀವು ಬರದ್ರ, ನಾಳೆ ಮಠದಾಗ ಗೊತ್ತಾದ್ರ, ನಾ ಯಾವ ಮಾರಿ ಇಟಗೊಂಡು ಓಣ್ಯಾಗ ಅಡ್ಡಾಡ್ಲಿ?"

ಅಕ್ಕೋರು ಬೈಯುತ್ತಾರೆ ಎಂದುಕೊಂಡೆ. ಅವರು ಬಗ್ಗಿ, ಒಂದು ಗಟ್ಟಿಯ ಮೇಲೆ ಮೂರು ಬೆರಳು ತೀಡಿ, ತಮ್ಮ ಹಣೆಗೆ ಹಚ್ಚಿಕೊಂಡರು.

"ಹಣಿ ಮ್ಯಾಲೆ ಇದು ವಿಭೂತಿನ ಕಾಕಾ, ಅದರಾಗ ನಾ ಬಾಯಿ ಹಾಕಂಗಿಲ್ಲ. ಆದ್ರ ಸಗಣಿ ಅಂತ ಬರಸಿದ್ರ, ಇಲ್ದ ಸಗಣಿ ದೇಶದ ಲೆಕ್ಕದಾಗ ಕೂಡ್ತೇತಿ, ಗಣಿಯಿಂದ ಬಂದ ಮಣ್ಣು ಕಾಣದಂಗ ಹೋಗ್ತೇತಿ. ನಿಮ್ಮ ಹೆಸರು ನಮ್ಮ ಕಚೇರಿ ದಾಟಂಗಿಲ್ಲ, ಅದು ಕಾಯ್ದೆ. ಗೋಡಿ ಮ್ಯಾಲೆ ಏನ ಬರೀಬೇಕು ಅನ್ನೋದು ನಿಮಗ ಬಿಟ್ಟದ್ದು. ನನ್ನ ಸಂಖ್ಯೆ ಮಾತ್ರ ಖರೇ ಇರಬೇಕು."

ಯಜಮಾನರು ಮೂಲೆಯ ಚೀಲವೊಂದರ ಬಾಯಿ ಬಿಚ್ಚಿ ಪುಡಿ ತೋರಿಸಿದರು. ಆಮೇಲೆ ಒಂದೊಂದೇ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಅವತ್ತು ನನಗೆ ಬೆರಗಾದದ್ದು ಆ ಪುಸ್ತಕದ ಬಗ್ಗೆಯಲ್ಲ. ಒಬ್ಬ ಮನುಷ್ಯನ ಮಾನವನ್ನೂ ದೇಶದ ಲೆಕ್ಕವನ್ನೂ ಒಟ್ಟಿಗೆ ಕಾಯಲು ಬರುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಅಲ್ಲಿಂದ ಮುಂದೆ ಧಾರವಾಡದ ಸಪ್ತಾಪುರದಲ್ಲಿದ್ದ ಅಕ್ಕೋರ ಮನೆಗೂ ಅದೇ ವಿಭೂತಿ ಬರತೊಡಗಿತು. ಓಣಿಯವರೂ ಅಲ್ಲಿಂದಲೇ ತರಿಸುತ್ತಿದ್ದರು. "ಸಗಣಿ ವಿಭೂತಿ ಅಂದ್ರ ಇದು ನೋಡ್ರಿ" ಎಂದು ಯಾರಾದರೂ ಹೊಗಳಿದರೆ ಅಕ್ಕೋರು "ಹೌದೇನ್ರಿ" ಎಂದು ಚಹಾ ತರಲು ಒಳಗೆ ಹೋಗಿಬಿಡುತ್ತಿದ್ದರು. ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ನೋಡಿದರೆ ನಾನು ನಗುತ್ತೇನೆಂದು ಗೊತ್ತಿತ್ತು.

ನಿವೃತ್ತರಾದ ಮೇಲೆ ಅವರು ಬಹಳ ಕಾಲ ಇರಲಿಲ್ಲ... ಸುದ್ದಿ ತಿಳಿದು ನಾನು ಹೋದಾಗ, ಅವರ ಮನೆತನದ ಪದ್ಧತಿಯಂತೆ ದೇಹವನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಹಣೆಗೆ ವಿಭೂತಿ ಹಚ್ಚುವ ಹೊತ್ತು. ಸಂಬಂಧಿಕರೊಬ್ಬರು ದೇವರ ಜಗಲಿಯಿಂದ ಬೆಳ್ಳಗಿನ ಗಟ್ಟಿಯೊಂದನ್ನು ತಂದರು. ಅಷ್ಟರಲ್ಲಿ ಬೆಂಗೇರಿಯ ಆ ಯಜಮಾನರು ಮಂದಿಯ ನಡುವಿನಿಂದ ಮುಂದೆ ಬಂದು ಕೈ ಅಡ್ಡ ಹಿಡಿದರು.

"ಅದು ಬ್ಯಾಡ್ರಿ. ಅದು ನಾನ ಮಾಡಿದ್ದು, ಮಣ್ಣಿಂದು."

ಹೆಗಲ ಮೇಲಿನ ವಸ್ತ್ರದ ಗಂಟು ಬಿಚ್ಚಿ, ಬೂದು ಬಣ್ಣದ ಒರಟು ಗಟ್ಟಿಯೊಂದನ್ನು ತೆಗೆದರು. "ಇದು ನಮ್ಮ ಮನಿ ಜಗಲಿಗಂತ ಆಕಳ ಸಗಣಿ ಸುಟ್ಟು ಮಾಡಿದ್ದು. ಇವರ ಹಣಿಗೆ ಇದನ್ನ ಹಚ್ರಿ."

ಪಡಸಾಲೆಯಲ್ಲಿದ್ದ ಅರ್ಧ ಮಂದಿ ಅವರ ಗಿರಾಕಿಗಳು. ಅಷ್ಟು ವರ್ಷ ಅಕ್ಕೋರು ಜತನದಿಂದ ಕಾದದ್ದನ್ನು ಆ ಯಜಮಾನರು ತಾವಾಗಿಯೇ ಎಲ್ಲರೆದುರು ಬಿಟ್ಟುಕೊಟ್ಟಿದ್ದರು, ಕೇಳಿಸಿಕೊಳ್ಳಬೇಕಾದವರಿಗೆ ಮಾತ್ರ ಅದು ಕೇಳಿಸಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಈಗ ಆ ದಪ್ಪ ಪುಸ್ತಕ ಯಾರಿಗೂ ಬೇಕಿಲ್ಲ. ಟ್ಯಾಬ್‌ನಲ್ಲಿ ಎರಡು ಅಕ್ಷರ ಒತ್ತಿದರೆ ಕೋಡುಗಳು ಸಾಲುಗಟ್ಟಿ ಬರುತ್ತವೆ. ನನ್ನ ಕೈಕೆಳಗೂ ಹೊಸಬರಿದ್ದಾರೆ, ಕೂತು ಬರೆಯಬೇಡಿ, ಹೋಗಿ ನೋಡಿ ಬನ್ನಿ ಎಂದು ನಾನೂ ಗದರುತ್ತೇನೆ. ಆದರೆ ಒಮ್ಮೊಮ್ಮೆ ಯಾವ ಕೋಡಿಗೂ ಹೊಂದದ ಸಾಮಾನೊಂದು ಎದುರಾಗುತ್ತದೆ. ಒಂದು ಮಾತು ಕೇಳಿ ಬರೋಣ ಎಂದು ಗಾಡಿಯನ್ನು ಸಪ್ತಾಪುರದ ಕಡೆ ತಿರುಗಿಸುತ್ತೇನೆ. ಅರ್ಧ ದಾರಿಗೆ ಬಂದ ಮೇಲೆ, ಅಕ್ಕೋರು ಇಲ್ಲ ಎಂಬುದು ನೆನಪಾಗುತ್ತದೆ...