ಸಾಣೆ ಮಷೀನು ಮತ್ತು ನನ್ನ ಎಡಗೈ

ನಾನು ಎಡಚಿ. ಮೊರಬದ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರವೇ ಅದು ಬಯಲಾಯಿತು. ಊಟಕ್ಕೆ ಕೂತವರಿಗೆ ಪಲ್ಯ ಬಡಿಸುವಾಗ ಸೌಟು ತಾನಾಗಿ ಎಡಗೈಗೆ ಬಂದಿತ್ತು. ಮೂಲೆಯಲ್ಲಿದ್ದ ಅತ್ತೆ ಕೆಮ್ಮಿದರು. ಆ ಕೆಮ್ಮಿನ ಅರ್ಥ ತಿಳಿಯಲು ನನಗೆ ಬಹಳ ಹೊತ್ತು ಹಿಡಿಯಲಿಲ್ಲ. ಬಡಿಸುವುದು, ಕೊಡುವುದು, ಇಸಿದುಕೊಳ್ಳುವುದು ಬಲಗೈಯಲ್ಲಿ. ಕಸ ಗುಡಿಸುವುದು, ಕಳೆ ಕೀಳುವುದು ಬೇಕಾದ ಕೈಯಲ್ಲಿ ಎಂದು ನಾವಿಬ್ಬರೂ ಬಾಯಿಬಿಟ್ಟು ಹೇಳದೆಯೇ ಒಂದು ಒಪ್ಪಂದಕ್ಕೆ ಬಂದೆವು. ಆ ಒಪ್ಪಂದ ಬಹಳ ವರ್ಷ ಚೆನ್ನಾಗಿಯೇ ನಡೆಯಿತು. ಜಗಳ ಬಂದದ್ದು ಸಾಣೆ ಮಷೀನಿನಿಂದ.

ನಮ್ಮ ಅತ್ತೆ ಕಳೆ ತೆಗೆಯುವ ಹನ್ನೊಂದು ಹೆಂಗಸರ ಗುಂಪಿಗೆ ಹಿರಿಯರು. ನಾನೂ ಅದರಲ್ಲಿ ಒಬ್ಬಳು. ಯಾರ ಹೊಲಕ್ಕೆ ಯಾವಾಗ ಹೋಗಬೇಕೆಂಬುದರಲ್ಲಿ ಅತ್ತೆಯದೇ ಕಡೆಯ ಮಾತು. ಹೊಲಕ್ಕೆ ಹೊರಡುವ ಮೊದಲು ಎಲ್ಲರ ಕಳೆ ಕೀಳುವ ಕುರುಪಿಗೂ ನಮ್ಮ ಹಿತ್ತಲ ತಗಡಿನ ಚಪ್ಪರದಲ್ಲಿ ತಾವೇ ಸಾಣೆ ಹಿಡಿದು ಕೊಡುವುದು ಅವರ ಪದ್ಧತಿ. ಕುರುಪಿ ಮೊಂಡಾಗಿದ್ದರೆ ನಮ್ಮ ಎರೆಮಣ್ಣಿನಲ್ಲಿ ಮಧ್ಯಾಹ್ನದ ಹೊತ್ತಿಗೆಲ್ಲ ಮುಂಗೈ ಸೋತುಹೋಗುತ್ತದೆ. ಮಷೀನನ್ನು ಮಾವ ಬದುಕಿದ್ದಾಗ ಹುಬ್ಬಳ್ಳಿಯಿಂದ ತಂದಿದ್ದರು, ಅದೂ ಯಾರೋ ಬಳಸಿ ಬಿಟ್ಟದ್ದು. ನಡುವೆ ಮೋಟರು, ಆಚೆ ಈಚೆ ಒಂದೊಂದು ಸಾಣೆಕಲ್ಲಿನ ಚಕ್ರ.

ಆ ಮಷೀನಿನ ಮೇಲೆ ನನಗೆ ಮೊದಲಿನಿಂದಲೂ ಕಣ್ಣು. ಕಬ್ಬಿಣ ಕಲ್ಲಿಗೆ ತಾಗಿದಾಗಿನ ಆ ಸದ್ದು, ಕಿಡಿಗಳು ಕೆಳಗೆ ಸುರಿಯುವ ಚೆಂದ, ಹರಿತವಾದ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡುವಾಗಿನ ಅತ್ತೆಯ ಗತ್ತು, ಎಲ್ಲವೂ ನನಗೆ ಬೇಕಾಗಿತ್ತು. ಅತ್ತೆಯ ಕಣ್ಣು ಮಂಜಾಗುತ್ತಿತ್ತು. ಕೆಲಸವನ್ನು ಇಂದಲ್ಲ ನಾಳೆ ಯಾರಿಗಾದರೂ ಒಪ್ಪಿಸಲೇಬೇಕು. ಅದು ನನಗೇ ಬರಬೇಕೆಂಬ ಆಸೆಯನ್ನು ನಾನು ಯಾರಿಗೂ ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಹೋದ ವರ್ಷ ಮಷೀನು ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಸುಲಭವಾಗುತ್ತಿತ್ತು. ಸ್ವಿಚ್ ಹಾಕಿದರೆ ಗುಂಯ್ ಎನ್ನುವುದು, ಚಕ್ರ ಮಾತ್ರ ಅಲುಗುವುದಿಲ್ಲ.

“ಕರೆಂಟ್ ಡಿಮ್ ಐತ್ಬೇ ಯವ್ವಾ,” ಎಂದ ನನ್ನ ಗಂಡ. ನಮ್ಮ ಕಡೆ ಏನೇ ತಿರುಗದಿದ್ದರೂ ಮೊದಲು ಕರೆಂಟಿಗೆ ಬೈಯುತ್ತೇವೆ. ಅತ್ತೆ ಕಾಯುವ ಪೈಕಿ ಅಲ್ಲ. ಮಷೀನಿನ ಪಕ್ಕಕ್ಕೆ ನಿಂತು, ಒಂದು ಮೋಟು ಕೋಲನ್ನು ಬಲಗೈಯಲ್ಲಿ ಹಿಡಿದು ಚಕ್ರದ ನೆತ್ತಿಯನ್ನು ಒಮ್ಮೆ ಎಡಕ್ಕೆ ತೀಡಿದರು. ಚಕ್ರ ಹೊರಟಿತು. ಅಂದಿನಿಂದ ಕೋಲೂ ಮಷೀನಿನ ಒಂದು ಭಾಗವಾಯಿತು.

ಒಂದು ದಿನ ಅತ್ತೆ ಚಹಾಕ್ಕೆ ಒಳಗೆ ಹೋದಾಗ ನಾನು ಅದೇ ಜಾಗದಲ್ಲಿ ನಿಂತು ಎಡಗೈಯಲ್ಲಿ ತೀಡಿದೆ. ಚಕ್ರ ಹೊರಟಿತು, ಆದರೆ ಉಲ್ಟಾ. ಕುರುಪಿ ತಾಗಿಸಿದ್ದೇ ತಡ, ಕೆಳಗೆ ಬೀಳಬೇಕಾದ ಕಿಡಿಗಳು ಮುಖಕ್ಕೆ ಹಾರಿ ಹುಬ್ಬಿನ ನಾಲ್ಕು ಕೂದಲು ಸುಟ್ಟವು. ಅತ್ತೆ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದರು.

“ನೋಡಿದ್ಯಾ? ನಿನ್ನ ಕೈ ಮುಟ್ಟಿದ್ರ ಮಷೀನೂ ಉಲ್ಟಾ ತಿರಗತೈತಿ!”

ಅತ್ತೆ ಅನ್ಯಾಯದ ಹೆಂಗಸಲ್ಲ. ಮೂರು ಸಲ ಪರೀಕ್ಷೆ ಮಾಡಿದರು. ಅವರು ತೀಡಿದರೆ ಸರಿ, ನಾನು ತೀಡಿದರೆ ಉಲ್ಟಾ. ಬಲಗೈಯಿಂದ ಪ್ರಯತ್ನಿಸಿದರೆ ನನಗೆ ಜೋರು ಸಾಲದು, ಚಕ್ರ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಇನ್ನು ಯಾವ ಸಾಕ್ಷಿ ಬೇಕು? ನಾನು ಚಪ್ಪರದ ಹತ್ತಿರ ಸುಳಿಯಕೂಡದೆಂದು ಮನೆಯಲ್ಲಿ ಕಾಯ್ದೆಯಾಯಿತು. ಹೊಲದಲ್ಲಿ ಹೆಂಗಸರು ನನ್ನ ಎಡಗೈ ಹಿಡಿದು ತಿರುಗಿಸಿ ನೋಡಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಒಳಗೆ ಸಿಟ್ಟು ಕುದಿಯುತ್ತಿತ್ತು.

ಈ ವರ್ಷ ಮೊದಲ ಮಳೆಗಳಾಗಿ ಹೆಸರುಕಾಳಿನ ಹೊಲಗಳಲ್ಲಿ ಕಳೆ ಎದ್ದಿತು. ಮಣ್ಣು ಕಾಲಿಡುವಷ್ಟು ಆರಿದ ಕೂಡಲೆ ಹೋಗಬೇಕು. ಅತ್ತೆ ತಮ್ಮ ಕುರುಪಿಗೆ ಸಾಣೆ ಹಿಡಿಯಲು ಚಕ್ರ ತೀಡಿದಾಗ ಕೋಲು ಕೈತಪ್ಪಿ ಹಾರಿ, ಮೆಲುಕು ಹಾಕುತ್ತ ಮಲಗಿದ್ದ ಎಮ್ಮೆಯ ಬೆನ್ನಿಗೆ ಬಿತ್ತು. ಎಮ್ಮೆ ಎದ್ದ ರಭಸಕ್ಕೆ ನೀರಿನ ಬಕೆಟ್ಟು ಉರುಳಿತು. ಅತ್ತೆ ಮಷೀನು ನಿಲ್ಲಿಸಿ ಬಕೆಟ್ಟು ಎತ್ತಿಟ್ಟರು.

“ಸಾಕಾತು. ನಾಡದು ಎಲ್ಲಾರ ಕುರುಪಿಗೂ ಸಾಣಿ ಹಿಡದು ಈ ಮಷೀನ ನಮ್ಮ ತಂಗಿ ಸೊಸಿಗೆ ಕೊಟ್ಟಬಿಡ್ತೇನಿ. ಆಕಿ ಬಲಗೈಯಾಕಿ.”

ಅವರ ತಂಗಿಯ ಸೊಸೆ ಹಿಂದಿನ ಓಣಿಯವಳು, ಒಳ್ಳೆಯವಳೇ. ಆದರೂ ಆ ಮಧ್ಯಾಹ್ನ ನಾನು ರೊಟ್ಟಿ ಬಡಿದ ಸದ್ದು ಅವಳ ಮನೆಯವರೆಗೂ ಕೇಳಿರಬೇಕು.

ಉಂಡು ಅಡ್ಡಾದೆ. ಮೇಲೆ ಫ್ಯಾನು ತಿರುಗುತ್ತಿತ್ತು. ಅದನ್ನೇ ನೋಡುತ್ತಿದ್ದಂತೆ, ಹಿಂದಿನ ಬೇಸಿಗೆಯಲ್ಲಿ ಅದೂ ಹೀಗೇ ಗುಂಯ್ ಎನ್ನುತ್ತ ನಿಂತದ್ದು ನೆನಪಾಯಿತು. ಕಸಬರಿಗೆಯ ತುದಿಯಿಂದ ನೂಕಿದರೆ ತಿರುಗುತ್ತಿತ್ತು. ನಾನು ನೂಕಿದ ದಿನ ಮಾತ್ರ ಅದೂ ಉಲ್ಟಾ ತಿರುಗಿ, ಗಾಳಿ ಬರುತ್ತಿರಲಿಲ್ಲ. ಆಮೇಲೆ ರಿಪೇರಿಯವನು ಬಂದು ಕಂಡೆನ್ಸರ್ ಎಂಬ ಪುಟ್ಟ ಡಬ್ಬಿ ಬದಲಿಸಿದ್ದೇ ಫ್ಯಾನಿನ ಆಟವೆಲ್ಲ ನಿಂತಿತ್ತು. ನಾನು ದಡಕ್ಕನೆ ಎದ್ದು ಕೂತೆ.

ಮರುದಿನ ಅತ್ತೆ ಅಣ್ಣಿಗೇರಿಗೆ ನೆಂಟರ ಮನೆಯ ಹೊಸ ಕೂಸು ನೋಡಲು ಹೋದರು. ಅವರ ಬಸ್ಸು ಹೊರಟ ಕೂಡಲೆ ನಾನು ಚಪ್ಪರಕ್ಕೆ ನುಗ್ಗಿದೆ. ಪ್ಲಗ್ಗು ಕಿತ್ತು, ಮಷೀನನ್ನು ಗೋಣಿಚೀಲದ ಮೇಲೆ ಮಗುಚಿ, ತಳದ ನಾಲ್ಕು ತಿರುಪು ಬಿಚ್ಚಿದೆ. ಒಳಗೆ ಬಿಳಿ ಡಬ್ಬಿಯೊಂದು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಅದರಲ್ಲಿ ಕರೆಂಟು ಉಳಿದಿರುತ್ತದೆಂದು ಫ್ಯಾನಿನವನು ಹೇಳಿದ್ದು ನೆನಪಿತ್ತು. ಅವನಂತೆಯೇ ಮರದ ಹಿಡಿಯ ಸ್ಕ್ರೂಡ್ರೈವರ್‌ನಿಂದ ಎರಡೂ ತುದಿ ಕೂಡಿಸಿದೆ. ಕಿಡಿ ಬರುತ್ತದೆಂದು ಕಣ್ಣು ಮುಚ್ಚಿದ್ದೆ. ಏನೂ ಬರಲಿಲ್ಲ. ಅದು ಪೂರ್ತಿ ಸತ್ತಿತ್ತು. ವಯರು ಬಿಡಿಸಿ, ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ನವಲಗುಂದದ ಬಸ್ಸು ಹತ್ತಿದೆ.

ಮೋಟರ್ ರಿವೈಂಡಿಂಗ್ ಅಂಗಡಿಯ ಹಿರಿಯರು ಡಬ್ಬಿಯ ಮೇಲಿನ ನಂಬರು ಓದಿ, ಅದೇ ನಂಬರಿನ ಹೊಸದನ್ನು ತೆಗೆದಿಟ್ಟರು.

“ಕಾಕಾ, ನಾ ತೀಡಿದ್ರ ಉಲ್ಟಾ ತಿರಗತೈತ್ರಿ. ನಾ ಎಡಚಿ ಅಂತ ಹಂಗೇನ್ರಿ?” ಎಂದು ಕೇಳಿಯೇಬಿಟ್ಟೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಯವ್ವಾ, ಮೋಟರಿಗೆ ದಾರಿ ತೋರ್ಸೂದ ಈ ಕಂಡೆನ್ಸರು. ಇದು ಸತ್ತಮ್ಯಾಲೆ ಅದು ಯಾರು ಯಾಕಡೆ ನೂಕ್ತಾರ ಆಕಡೆ ಹೊಕ್ಕೈತಿ. ಬಲಗೈ ಎಡಕ್ಕ ನೂಕತೈತಿ, ಎಡಗೈ ಬಲಕ್ಕ, ಅಷ್ಟ. ನಿಮ್ಮ ಕೈ ಅಗದಿ ಸರಿ ಐತಿ.”

ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತು ಆ ಮಾತನ್ನು ಎಷ್ಟು ಸಲ ಹೇಳಿಕೊಂಡೆನೋ. ಅಷ್ಟು ಸಂತೋಷವಾಗಿತ್ತು. ಮನೆಗೆ ಬಂದು ಹೊಸ ಡಬ್ಬಿಗೆ ವಯರು ಕೂಡಿಸಿ, ಟೇಪು ಸುತ್ತಿ, ತಿರುಪು ಬಿಗಿದೆ. ಸ್ವಿಚ್ ಹಾಕಿ ನೋಡೋಣವೆಂದರೆ ಕರೆಂಟೇ ಇಲ್ಲ! ಅದಕ್ಕೆ ಬೈಯಲು ಈ ಸಲ ನಿಜವಾದ ಕಾರಣ ಸಿಕ್ಕಿತು. ಕರೆಂಟು ಬರುವಷ್ಟರಲ್ಲಿ ಅತ್ತೆ ಬಂದರು, ನಾನು ಬಾಯಿ ಮುಚ್ಚಿಕೊಂಡೆ.

ಬೆಳಿಗ್ಗೆ ಹೆಂಗಸರೆಲ್ಲ ಕುರುಪಿ, ಬುತ್ತಿ ಹಿಡಿದು ಚಪ್ಪರದ ಕಟ್ಟೆಯ ಮೇಲೆ ಕೂತರು. ಅತ್ತೆ ಕೋಲು ಹುಡುಕತೊಡಗಿದರು.

“ಕೋಲು ಬ್ಯಾಡ್ರಿ ಅತ್ತಿ,” ಎಂದೆ. “ನಿನ್ನಿ ನಾ ಬಿಚ್ಚಿ ಹೊಸಾ ಕಂಡೆನ್ಸರ್ ಹಾಕೇನಿ.”

ಅತ್ತೆ ನನ್ನನ್ನು ನೋಡಿದರು, ಮಷೀನನ್ನು ನೋಡಿದರು.

“ಯಾರನ ಕೇಳಿ ಬಿಚ್ಚಿದಿ?” ಅತ್ತೆ ಮಷೀನಿನ ಮುಂದಿನಿಂದ ಪಕ್ಕಕ್ಕೆ ಸರಿದರು. “ಹಂಗಾರ ನೀನ ಚಾಲೂ ಮಾಡು. ಎಡಗೈಲೇ ಮಾಡು. ನೋಡೂಣು.”

ಎಡಗೈಯಿಂದಲೇ ಸ್ವಿಚ್ ಒತ್ತಿದೆ. ಗುಂಯ್ ಎನ್ನಲಿಲ್ಲ. ಚಕ್ರ ಒಮ್ಮೆಲೇ ಎದ್ದು ಸರ್ರನೆ ತಿರುಗಿತು, ನೆಟ್ಟಗೆ, ಸರಿಯಾದ ಕಡೆಗೆ. ಅತ್ತೆ ಒಂದು ಹಳೆಯ ಮೊಳೆ ತಾಗಿಸಿದರು. ಕಿಡಿಗಳು ಕೆಳಗೆ ಸುರಿದವು. ನಿಲ್ಲಿಸು ಎಂದರು, ಮತ್ತೆ ಹಾಕು ಎಂದರು. ಮೂರನೆಯ ಸಲ ಚಕ್ರ ನಿಲ್ಲುವವರೆಗೂ ಅದನ್ನೇ ನೋಡುತ್ತ ನಿಂತರು. ನಾನು ಅಂಗಡಿಯವರ ಮಾತನ್ನು ತಡವರಿಸುತ್ತ ಹೇಳಿದೆ.

“ಅಂದ್ರ ಒಂದ ವರ್ಷದಿಂದ ಸುಮ್ಮನ ನಿನ್ನ ಕೈಗೆ ಬೈದೇನಿ,” ಎಂದರು ಅತ್ತೆ, ಎಲ್ಲರೆದುರಿಗೂ, ಜೋರಾಗಿಯೇ. ನನಗೆ ಅಳು ಬಂತು. ಸಾಣೆಯ ಧೂಳೆಂದು ಸೆರಗಿನಿಂದ ಒರೆಸಿಕೊಂಡೆ.

ಅತ್ತೆ ತಮ್ಮ ಕುರುಪಿಯನ್ನು ನನ್ನತ್ತ ಚಾಚಿದರು. ಅದಕ್ಕೆ ಬೇರೆ ಯಾರೂ ಸಾಣೆ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ರೂಢಿಯಂತೆ ಬಲಗೈ ಮುಂದೆ ಮಾಡಿದೆ. ಅವರು ಕುರುಪಿಯನ್ನು ಹಿಂದಕ್ಕೆ ಎಳೆದುಕೊಂಡರು.

“ನಿನಗ ಯಾವ ಕೈ ಹಿಡಿತ ಐತಿ ಆ ಕೈಲೇ ಹಿಡಿ. ಕೈಬೆರಳ ಕಳಕೊಂಡ ಗಿಳಕೊಂಡಿ!”

ಎಡಗೈಗೆ ತಗೊಂಡೆ. ಅತ್ತೆ ಹೋಗಿ ಹೆಂಗಸರ ನಡುವೆ ಕಟ್ಟೆಯ ಮೇಲೆ ಜಾಗ ಮಾಡಿಕೊಂಡು ಕೂತರು. ಸಾಣೆಗೆ ಕಾಯುವವರು ಕೂಡುವ ಜಾಗದಲ್ಲಿ ಅತ್ತೆ ಕೂತದ್ದನ್ನು ನಾನು ನೋಡಿದ್ದು ಅಂದೇ ಮೊದಲು.