ನಾಲ್ಕನೆಯ ಪೈಪು

ಹೋದ ತಿಂಗಳು ದಾವಣಗೆರೆಗೆ ಹೋಗುತ್ತಿದ್ದಾಗ ಬಸ್ಸು ಕೆಟ್ಟು ಒಂದು ಮಂಡಕ್ಕಿ ಭಟ್ಟಿಯ ಎದುರು ನಿಂತಿತು. ಒಲೆಯ ಮೇಲೆ ದೊಡ್ಡ ಬಾಣಲೆ, ಅದರ ತುಂಬ ಕಪ್ಪು ಮರಳು. ಒಬ್ಬ ಹೆಂಗಸು ಅಕ್ಕಿ ಸುರಿದು ಕೈಯಾಡಿಸುತ್ತಿದ್ದಳು. ಕಾದ ಮರಳಿನ ವಾಸನೆ ರಸ್ತೆಗೆಲ್ಲ ಹರಡಿತ್ತು. ಬಸ್ಸಿನವರೆಲ್ಲ ಇಳಿದು ಬಿಸಿ ಮಂಡಕ್ಕಿ ಕೊಂಡು ಮುಕ್ಕಿದರು. ನಾನು ಮೂಗಿಗೆ ಟವೆಲ್ ಒತ್ತಿಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ. ಪಕ್ಕದ ಸೀಟಿನವರು ಬಂದು, "ಧೂಳು ಆಗಿಬರಲ್ಲೇನ್ರಿ?" ಅಂದರು. ಹೌದು ಅಂದೆ. ಎಪ್ಪತ್ತು ಹತ್ತಿರವಾದ ಮನುಷ್ಯ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ತನ್ನ ಪಾಪ ಹೇಳಿಕೊಂಡು ತಿರುಗುವುದಕ್ಕಾಗುತ್ತದೆಯೇ?

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೊನ್ನಾಳಿಯಲ್ಲಿ ಖಾಸಗಿ ಬಸ್ಸಿನವರೊಬ್ಬರ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದೆ. ವಯಸ್ಸು ಇಪ್ಪತ್ತಾರು, ಮದುವೆಯಾಗಿರಲಿಲ್ಲ. ಬಾಡಿಗೆಗೆ ಸಿಕ್ಕ ಕೋಣೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಮನೆಯಲ್ಲಿದ್ದವರು ಇಬ್ಬರೇ, ಗಂಡ ಮತ್ತು ಹೆಂಡತಿ. ಆಕೆಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಜಗಳೂರಿನ ಕಡೆಯವಳು. ಅಪ್ಪನದು ಮಂಡಕ್ಕಿ ಭಟ್ಟಿ. ಒಲೆಯ ಮುಂದೆಯೇ ಬೆಳೆದವಳಾದ್ದರಿಂದ ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದಳು. ಭಾನುವಾರ ಒಗ್ಗರಣೆ ಮಂಡಕ್ಕಿ ಮಾಡಿದರೆ ಕಾಂಪೌಂಡಿನ ಮೇಲೆ ಒಂದು ತಟ್ಟೆ ನನಗೂ ಬರುತ್ತಿತ್ತು. ತಟ್ಟೆ ತೆಗೆದುಕೊಳ್ಳುವಾಗ ನನ್ನ ಗ್ರೀಸಿನ ಕೈ ನೋಡಿ, "ತಮ್ಮಾ, ನಿಂಗೆ ಹೆಣ್ಣು ಕೊಡೋರು ಹೆಣ್ಣಿಗಿಂತ ಮೊದ್ಲು ಸೋಪು ಕೊಡಬೇಕು ನೋಡು" ಅನ್ನುತ್ತಿದ್ದಳು. ಹಾಗೆ ಅಂದು ತಾನು ಮಾತ್ರ ನಗುತ್ತಿರಲಿಲ್ಲ.

ಗಂಡ ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇದ್ದ ಮನೆತನದ ಕಿರಿಯ ಮಗ. ಅಣ್ಣಂದಿರ ಜೊತೆ ಕೈಕೈ ಮಿಲಾಯಿಸಿ ಹೊನ್ನಾಳಿಗೆ ಬಂದು ಕೂತಿದ್ದ. ಎದುರಿಗೆ ನಾನು ಸಾಹುಕಾರ್ರೇ ಅನ್ನುತ್ತಿದ್ದೆ, ಬರೆಯುವಾಗ ಆ ಮರ್ಯಾದೆ ಬರುತ್ತಿಲ್ಲ. ಅವನ ಬಳಿ ಒಂದು ಕೆಂಪು ಕಾರಿತ್ತು. ಎರಡೇ ಸೀಟಿನ, ರೇಸಿನ ಮಾದರಿಯ ಹಳೆಯ ವಿದೇಶಿ ಕಾರು. ಬೊಂಬಾಯಿಯಿಂದ ತಂದಿದ್ದ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಬೀದಿ ನಾಯಿ ಎದುರು ನಿಂತರೆ ಡ್ರೈವರನ ಕಣ್ಣಿಗೇ ನೇರ. ಊರಿನ ರಸ್ತೆಗಳಿಗೆ ಅದು ತಾಳುತ್ತಿರಲಿಲ್ಲ, ವಾರಕ್ಕೊಮ್ಮೆ ಏನಾದರೂ ಮುರಿಯುತ್ತಿತ್ತು. ಮುರಿದ ದಿನ ಅವನು ಕಾರಿಗೆ ಒದೆಯುತ್ತಿದ್ದ, ಸ್ಪ್ಯಾನರ್ ಬೀಸಿ ಎಸೆಯುತ್ತಿದ್ದ, ಆಮೇಲೆ ಒಳಗೆ ಹೋಗುತ್ತಿದ್ದ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರಲ್ಲ, ಈ ಮನೆಯಲ್ಲಿ ಕಾರಿನ ಮೇಲಿನ ಕೋಪ ಅಕ್ಕನ ಮೇಲೆ. ಬಾಗಿಲ ಹಿಂದಿನ ಮೊಳೆಗೆ ಒಂದು ಹಳೆಯ ಫ್ಯಾನ್ ಬೆಲ್ಟು ನೇತಾಡುತ್ತಿತ್ತು. ಅದು ಮೈಮೇಲೆ ಬೀಳುವ ಸದ್ದು ನನಗೆ ಗೋಡೆಯೀಚೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅಕ್ಕ ಕಿರುಚುತ್ತಿರಲಿಲ್ಲ.

ಓಣಿಯವರಿಗೆಲ್ಲ ಗೊತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ನಾನೊಮ್ಮೆ ನುಗ್ಗಿ ಹೋಗಿ ಅವನ ಕೈ ಹಿಡಿದಿದ್ದೆ. ಅವನು ನನ್ನ ಮೂಗಿಗೆ ಗುದ್ದಿ ಹೊರಗೆ ತಳ್ಳಿ ಚಿಲಕ ಹಾಕಿಕೊಂಡ. ಆ ದಿನ ಒಳಗೆ ಬಿದ್ದ ಏಟುಗಳನ್ನು ನಾನು ಮೂಗಿನ ರಕ್ತ ಒರೆಸಿಕೊಳ್ಳುತ್ತ ಕೇಳಿಸಿಕೊಂಡೆ. ಮಾರನೆಯ ದಿನ ಅಕ್ಕ ನೀರಿನ ಕೊಡ ಹೊತ್ತು ಬರುವಾಗ ನಿಂತು, "ಅಡ್ಡ ಬರಬ್ಯಾಡ ತಮ್ಮಾ. ನೀನು ಬಂದ್ರೆ ನಂಗೆ ನಾಲ್ಕು ಹೆಚ್ಚು ಬೀಳ್ತಾವೆ" ಅಂದಳು. ಅಂದಿನಿಂದ ನಾನು ಬೇರೆ ದಾರಿ ಹಿಡಿದೆ. ಕಾರು ಕೆಟ್ಟ ಸುದ್ದಿ ಗೊತ್ತಾದ ಕೂಡಲೇ ಶೆಡ್ಡಿನಿಂದ ಓಡಿ ಬಂದು ರಿಪೇರಿ ಮಾಡಿಕೊಡುತ್ತಿದ್ದೆ. ಕಾರು ಓಡಿದರೆ ಅಕ್ಕನಿಗೆ ಏಟಿಲ್ಲ, ನನ್ನ ಲೆಕ್ಕ ಅಷ್ಟೇ ಇತ್ತು. ಆದರೆ ಬೋಲ್ಟು ತಿರುಗಿಸುವಾಗೆಲ್ಲ ಇದೇ ಸ್ಪ್ಯಾನರನ್ನು ಅವನ ನೆತ್ತಿಗೆ ಇಳಿಸುವುದು ಹೇಗೆ ಅಂತ ಯೋಚಿಸುತ್ತಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಬೊಂಬಾಯಿಯಿಂದ ಲಾರಿಯಲ್ಲಿ ಒಂದು ಮರದ ಪೆಟ್ಟಿಗೆ ಬಂತು. ಒಳಗಿದ್ದದ್ದು ಹೆಡರ್. ಎಂಜಿನ್ನಿನ ನಾಲ್ಕು ತೂತುಗಳ ಹೊಗೆಯನ್ನು ಮಾಮೂಲಿ ಕಾರಿನಲ್ಲಿ ಬೀಡು ಕಬ್ಬಿಣದ ಒಂದೇ ದಪ್ಪ ಗೂಡು ಹೊರಗೆ ಹಾಕುತ್ತದೆ. ಹೆಡರಿನಲ್ಲಿ ತೂತಿಗೊಂದರಂತೆ ನಾಲ್ಕು ಪೈಪು. ಬಳಸಿ ಇಳಿದು ಕೆಳಗೆ ಒಂದಾಗುತ್ತವೆ. ಹೊಗೆ ಸಲೀಸಾಗಿ ಹೋದಷ್ಟೂ ಎಂಜಿನ್ನಿಗೆ ಉಸಿರು ಹೆಚ್ಚು, ಸದ್ದೂ ಹೆಚ್ಚು. ಭಾನುವಾರ ಮಧ್ಯಾಹ್ನ ಚನ್ನಗಿರಿಯಿಂದ ಗೆಳೆಯರು ಬರುತ್ತಾರೆ, ಅಷ್ಟರಲ್ಲಿ ಗಾಡಿ ಗುಡುಗಬೇಕು ಅಂದ ಸಾಹುಕಾರ.

ಶನಿವಾರ ಅವರ ಹಿತ್ತಿಲಲ್ಲೇ ಕೆಲಸ ಶುರುವಾಯಿತು. ಹಳೆಯ ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಹಾಕಿದ್ದೇನೆ, ಒಂದು ತಾಸು ಬಿಡಿ ಅಂದೆ. ಕೇಳಲಿಲ್ಲ. ಸುತ್ತಿಗೆ ತೆಗೆದುಕೊಂಡು ಬಡಿದೇ ಬಡಿದ. ಎರಡು ಬೋಲ್ಟು ಕತ್ತರಿಸಿ ಹೋದವು, ಹಳೆಯ ಗೂಡು ಎರಡು ಹೋಳಾಗಿ ಕಾಲ ಬಳಿ ಬಿತ್ತು. ಕತ್ತರಿಸಿದ್ದನ್ನು ಕೊರೆದು ಹೊಸದು ಕೂರಿಸುವಷ್ಟರಲ್ಲಿ ನನ್ನ ಬೆರಳುಗಳ ಸಿಪ್ಪೆ ಹೋಗಿತ್ತು. ಹೆಡರ್ ಎತ್ತಿ ಹಿಡಿದೆವು. ಮೂರು ಪೈಪು ಸರಿಯಾಗಿ ಕೂತವು. ನಾಲ್ಕನೆಯದು ಸ್ಟೀರಿಂಗಿನ ರಾಡಿಗೆ ಹೊಡೆಯಿತು. ಎಡಗಡೆ ಸ್ಟೀರಿಂಗ್ ಇರುವ ದೇಶದ ಕಾರಿಗೆ ಮಾಡಿದ ಸಾಮಾನು ಅದು, ನಮ್ಮದು ಬಲಗಡೆ. ಹೇಳಿದೆ. ಸಾಹುಕಾರ ಹೆಡರನ್ನು ನೋಡಿದ, ನನ್ನನ್ನು ನೋಡಿದ, ಕೈ ಒರೆಸಿಕೊಂಡು ಒಳಗೆ ಹೋದ. ಕಾಫಿ ತಣ್ಣಗಿದೆ ಅನ್ನುವುದು ಆ ದಿನದ ನೆಪವಾಗಿತ್ತು. ನಾನು ಕಾರಿನ ಕೆಳಗೆ ಮಲಗಿ ಕಿವಿ ಮುಚ್ಚಿಕೊಂಡೆ...

ಭಾನುವಾರ ಬೆಳಿಗ್ಗೆ ನಾಲ್ಕನೆಯ ಪೈಪನ್ನು ಕತ್ತರಿಸಿ ತೆಗೆದು, ಉಳಿದ ಮೂರನ್ನು ಎಂಜಿನ್ನಿಗೆ ಬಿಗಿದೆವು. ಕಡಿಮೆ ಬಿದ್ದ ಒಂದನ್ನು ಬೇರೆ ನೇರ ಪೈಪಿನಿಂದ ನಾವೇ ಬಗ್ಗಿಸಿ ಮಾಡಬೇಕಿತ್ತು. ಖಾಲಿ ಪೈಪನ್ನು ಕಾಯಿಸಿ ಬಗ್ಗಿಸಿದರೆ ಪರಂಗಿ ಎಲೆಯ ದಂಟಿನಂತೆ ಮುರುಟುತ್ತದೆ. ಅದಕ್ಕೆ ಒಳಗೆ ಮರಳು ಗಿಡಿದು, ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಆಮೇಲೆ ಬೆಂಕಿಗಿಡುತ್ತೇವೆ. ಮರಳನ್ನು ಹುರಿದು ಒಣಗಿಸಿರಬೇಕು. ಒಂದಿಷ್ಟು ಹಸಿ ಉಳಿದರೂ ಒಳಗೆ ಆವಿಯಾಗಿ ಬೆಣೆ ಗುಂಡಿನ ಹಾಗೆ ಹಾರುತ್ತದೆ. ನಮ್ಮ ಶೆಡ್ಡಿನ ಉಸ್ತಾದರು ಮೊದಲ ದಿನವೇ ಕಲಿಸಿದ ಪಾಠ ಅದು.

ಸಾಹುಕಾರ ಹೊಳೆಯಿಂದ ಒಂದು ಮೂಟೆ ಮರಳು ತರಿಸಿದ್ದ. ಅಕ್ಕ ಹಿತ್ತಿಲ ಮೂಲೆಯಲ್ಲಿ ಮೂರು ಕಲ್ಲಿಟ್ಟು, ಬಾಣಲೆಯಲ್ಲಿ ಹುರಿಯಲು ಕೂತಳು. ಯಾರೂ ಹೇಳಿಕೊಡಬೇಕಿರಲಿಲ್ಲ. ನಡುನಡುವೆ ನಾಲ್ಕು ಅಕ್ಕಿ ಕಾಳು ಎಸೆಯುತ್ತಿದ್ದಳು. ಪಟ್ಟನೆ ಅರಳಿದರೆ ಮರಳು ಆಯಿತು ಅಂತ, ಅವಳ ಅಪ್ಪನ ಮನೆಯ ಲೆಕ್ಕ. ಮುಂಗೈ ಮೇಲೆ ಹಿಂದಿನ ದಿನದ ಬಾಸುಂಡೆ ಇತ್ತು. ಒಂದು ಬಾಣಲೆ ಆಯಿತು. ಪೈಪಿನ ಅರ್ಧ ತುಂಬಿತು. ಎರಡನೆಯದು ಒಲೆಯ ಮೇಲಿತ್ತು.

ಸಾಹುಕಾರ ಗಡಿಯಾರ ನೋಡಿದ. ಮೂಟೆಗೆ ಕೈ ಹಾಕಿ ಹಾಗೇ ಬೊಗಸೆಯಲ್ಲಿ ಮರಳು ಎತ್ತಿ ಪೈಪಿಗೆ ಸುರಿಯತೊಡಗಿದ.

"ರೀ, ಅದು ಹಸಿ ಐತೆ. ಇನ್ನೊಂದು ಗಳಿಗೆ ತಡೀರಿ, ಆಗ್ತೈತೆ" ಅಂದಳು ಅಕ್ಕ.

"ನಿಮ್ಮಪ್ಪನ ಭಟ್ಟಿ ಅಂದ್ಕಂಡಿಯೇನೇ ಇದನ್ನ?" ಅಂದು ಕೈಯಲ್ಲಿದ್ದ ಇಕ್ಕಳವನ್ನೇ ಬೀಸಿದ. ಅಕ್ಕನ ತುಟಿ ಹರಿಯಿತು. ರಕ್ತ ಗಲ್ಲದಿಂದ ಸೆರಗಿಗೆ ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ. ಆದರೂ ಅವನಿಗೆ ಒಳಗೊಳಗೆ ಅನುಮಾನ ಬಂದಿರಬೇಕು. ನನ್ನ ಕಡೆ ತಿರುಗಿ, "ಏನಪ್ಪಾ ಫಿಟ್ಟರ್, ನೀನೇನಂತಿ? ನಡೀತೈತೋ ಇಲ್ವೋ?" ಅಂತ ಕೇಳಿದ.

ನಾನು ಮೂಟೆಗೆ ಕೈಯಿಟ್ಟು ನೋಡಿದೆ. ಮರಳು ತಣ್ಣಗೆ ಅಂಗೈಗೆ ಅಂಟಿತು. ಹಸಿ ಅಂದಿದ್ದರೆ ಅವನು ಸುರಿದದ್ದನ್ನು ಚೆಲ್ಲುತ್ತಿದ್ದ. ಹೆಂಡತಿಯ ಮಾತು ಕೇಳದವನು ಫಿಟ್ಟರನ ಮಾತು ಕೇಳುತ್ತಿದ್ದ. ನನಗೆ ಕಂಡದ್ದು ಅವಳ ತುಟಿಯ ರಕ್ತ ಒಂದೇ. ಇಕ್ಕಳ ಹಿಡಿದು ಬೆಂಕಿಯ ಮುಂದೆ ನಿಲ್ಲುವವನು ಇವನೇ. ಹಾರಲಿ, ಇವನ ಮುಖಕ್ಕೇ ಹಾರಲಿ ಅಂದುಕೊಂಡೆ.

"ನಡೀತೈತೆ ಸಾಹುಕಾರ್ರೇ" ಅಂದೆ.

ಅವನೇ ಬೆಣೆ ಬಡಿದ. ನಾನು ಶೆಡ್ಡಿನಿಂದ ತಂದಿದ್ದ ತಿದಿ ಒತ್ತಿದೆ. ಇದ್ದಿಲು ಕೆಂಪಾಗಿ, ಪೈಪಿನ ನಡು ಕೆಂಪಾಗತೊಡಗಿತು. ಬಗ್ಗಿಸುವಾಗ, ಬಗ್ಗಬಾರದ ಕಡೆ ತಣ್ಣಗಿರಲಿ ಅಂತ ಪಕ್ಕಕ್ಕೆ ನೀರು ಹೊಯ್ಯಲು ಒಬ್ಬರು ಬೇಕು. "ತಂಬಿಗೆ ಹಿಡ್ಕಂಡು ಬಾರೇ" ಅಂದ. ಅದು ನನ್ನ ತಲೆಗೆ ಬಂದಿರಲೇ ಇಲ್ಲ. ಅಕ್ಕ ಒಳಗಿಂದ ತಂಬಿಗೆ ತಂದು ಹಿತ್ತಿಲ ಜಗಲಿಯ ಅಂಚಿನಲ್ಲೇ ನಿಂತಳು. ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಇಳಿದು ಬಂದಳು. ನಾನು ಆಗಲೇ ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದೆ. ಅವನು ಪೈಪನ್ನು ಬೆಂಕಿಯಿಂದ ಎಳೆದು ತಿರುಗಿದ. ಆಚೆಯ ಬಾಯಿ ಸುತ್ತಿ ಬಂದು ಅವಳ ಎದುರಿಗೆ ನಿಂತಿತು. "ಅಕ್ಕಾ, ದೂರ..." ಅಂದೆನೋ, ಅನ್ನಬೇಕೆಂದುಕೊಂಡೆನೋ...

ಸದ್ದಿಗೆ ಹಿತ್ತಿಲ ಹೆಂಚುಗಳು ಅದುರಿದವು. ಬೆಣೆ ಅವಳ ಎಡಗಣ್ಣಿಗೆ ಬಡಿಯಿತು, ಹಿಂದೆಯೇ ಸುಡುವ ಮರಳು ಮುಖದ ಮೇಲೆ ಎರಚಿತು. ತಂಬಿಗೆ ಉರುಳಿಕೊಂಡು ಹೋಯಿತು. ಆವತ್ತು ಮಾತ್ರ ಅಕ್ಕ ಕಿರುಚಿದಳು. ಪೈಪು ಹಿಂದಕ್ಕೆ ಒದ್ದು ಸಾಹುಕಾರನನ್ನು ನೆಲಕ್ಕೆ ಕೆಡವಿತ್ತು. ಅವನು ಎದ್ದು ಕೂತು ಮೊದಲು ನೋಡಿದ್ದು ಪೈಪನ್ನು, ಬಾಯಿ ಸೀಳಿದೆಯೇ ಅಂತ. ಅದನ್ನು ಕಂಡದ್ದೇ ನಾನು ಸುತ್ತಿಗೆ ಎತ್ತಿಕೊಂಡೆ. ಸುತ್ತಿಗೆಯ ಹಿಡಿಯಿಂದ ಅವನ ಭುಜಕ್ಕೆ, ಬೆನ್ನಿಗೆ, ಕೈಗೆ ಹೊಡೆದೆ. ಎಲುಬು ಮುರಿದದ್ದು ಕೇಳಿಸಿತು, ಆದರೂ ಹೊಡೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇಂಥ ಧೈರ್ಯಕ್ಕೇ.

ಅಕ್ಕನನ್ನು ಆ ಕಾರಿನಲ್ಲೇ ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೊರಟೆ. ನಾಲ್ಕನೆಯ ತೂತಿಗೆ ಪೈಪಿಲ್ಲ. ಎಂಜಿನ್ ಬೆಂಕಿ ಉಗುಳುತ್ತ, ಕಾಡುಪ್ರಾಣಿಯ ಹಾಗೆ ಅರಚುತ್ತ ಓಡಿತು. ನ್ಯಾಮತಿಯಲ್ಲಿ ಜನ ದಾರಿ ಬಿಟ್ಟು ಓಡಿದರು. ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದ ಅಕ್ಕ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು, "ತಮ್ಮಾ, ಆ ಸದ್ದು ನಿಲ್ಸೋ." ಆಸ್ಪತ್ರೆಯಲ್ಲಿ ಕಣ್ಣು ಉಳಿಯಲಿಲ್ಲ. ಹೇಗಾಯಿತು ಅಂತ ಡಾಕ್ಟರು ಕೇಳಿದಾಗ, ಮರಳು ಹಸಿ ಇದ್ದದ್ದು ಗೊತ್ತಾಗಲಿಲ್ಲ ಅಂದೆ. ಜಗಳೂರಿನಿಂದ ಅವಳ ಅಣ್ಣಂದಿರು ಬಂದು ಅವಳನ್ನು ಕರೆದುಕೊಂಡು ಹೋದರು. ಅವಳು ಮತ್ತೆ ಗಂಡನ ಮನೆಗೆ ಬರಲಿಲ್ಲ. ನಾನೂ ಹೊನ್ನಾಳಿ ಬಿಟ್ಟೆ.

ಏಳೆಂಟು ವರ್ಷ ಆ ಸುಳ್ಳನ್ನು ಹೊತ್ತುಕೊಂಡು ತಿರುಗಿದೆ. ಕೊನೆಗೆ ತಡೆಯಲಾರದೆ ಒಂದು ದಿನ ಜಗಳೂರಿನ ಬಸ್ಸು ಹತ್ತಿದೆ. ಅಕ್ಕ ಅಣ್ಣಂದಿರ ಭಟ್ಟಿಯಲ್ಲಿ ಕೂತಿದ್ದಳು. ಎಡಗಡೆ ಮುಖಕ್ಕೆ ಸೆರಗು ಎಳೆದುಕೊಂಡಿದ್ದಳು. ಗುರುತು ಹಿಡಿದಳು. ನೀರು ಕೊಟ್ಟಳು, ಮದುವೆ ಆಯ್ತೇನೋ ಅಂದಳು, ಮಕ್ಕಳೆಷ್ಟು ಅಂದಳು. ನಾನು ನೀರು ಕುಡಿಯದೆ ಹೇಳಿಬಿಟ್ಟೆ. ಮರಳು ಹಸಿ ಅಂತ ನನಗೆ ಗೊತ್ತಿತ್ತು ಅಕ್ಕಾ, ಅವನಿಗೆ ಬೀಳಲಿ ಅಂತ ಸುಳ್ಳು ಹೇಳಿದೆ.

ಅಕ್ಕನ ಕೈ ನಿಂತಿತು. ಬಾಣಲೆಯಲ್ಲಿದ್ದ ಮಂಡಕ್ಕಿ ಸೀದು ಹೋಗುವಷ್ಟು ಹೊತ್ತು ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಏನೋ ಹುಡುಕುತ್ತಿದ್ದ ಹಾಗಿತ್ತು.

"ಹಸಿ ಐತೆ ಅಂತ ನಂಗೂ ಗೊತ್ತಿತ್ತು ತಮ್ಮಾ. ದೂರ ನಿಂತಿದ್ದೆ. ನೀನು ನಡೀತೈತೆ ಅಂದ್ಯಲ್ಲ... ಫಿಟ್ಟರ್ ಹೇಳ್ತಾನೆ, ಆ ಮನ್ಯಾಗೆ ನನ್ನ ಕಡೆಯೋನು ಅವ್ನೊಬ್ಬನೇ, ಸುಳ್ಳು ಹೇಳಾಕೆ ಅವನಿಗೇನೈತೆ ಅಂದ್ಕಂಡು ಹತ್ರ ಬಂದೆ."

ಅಷ್ಟು ಹೇಳಿ ಸೀದದ್ದನ್ನು ಕೆಳಗೆ ಚೆಲ್ಲಿದಳು. ಬಾಣಲೆಗೆ ಹೊಸ ಅಕ್ಕಿ ಸುರಿದಳು. ನಾನು ನೀರಿನ ಲೋಟ ಕೆಳಗಿಟ್ಟು ಬಂದುಬಿಟ್ಟೆ.

ಎರಡು ವರ್ಷದ ಹಿಂದೆ ಅಕ್ಕ ತೀರಿಕೊಂಡ ಸುದ್ದಿ ಯಾರಿಂದಲೋ ತಿಳಿಯಿತು. ಮಣ್ಣಿಗೆ ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗುವುದು? ಸಾಹುಕಾರನನ್ನು ನಾನು ಜೀವನಪೂರ್ತಿ ಬೈದುಕೊಂಡು ಬಂದಿದ್ದೇನೆ. ಬೈಗುಳಕ್ಕೆ ಅವನು ಯೋಗ್ಯನೇ. ಆದರೆ ಅವನು ಬೆಲ್ಟು ಹಿಡಿದಾಗ ಅಕ್ಕನಿಗೆ ಏಟು ಬರುವುದು ಗೊತ್ತಿರುತ್ತಿತ್ತು, ಕೈ ಅಡ್ಡ ಹಿಡಿಯುತ್ತಿದ್ದಳು. ನನ್ನದಕ್ಕೆ ಹಿಡಿಯಲಿಲ್ಲ.